ಹುಣಸೆ ಬೀಜ ಇಟ್ಟು ಪೋಕರ್: ಮೊದಲು ಯಾವ ಆಟ ಕಲಿಯಬೇಕು?

ಕಳೆದ ಯುಗಾದಿ ರಾತ್ರಿ ನಮ್ಮ ಮನೆ ಜಗಲಿ ಮೇಲೆ ಒಂದು ಜಗಳ ಆಯಿತು. ಹೋಳಿಗೆ ಊಟ ಮುಗಿದಿತ್ತು. ಚಾಪೆ ಹಾಸಿ, ನಡುವೆ ಹುಣಸೆ ಬೀಜದ ಡಬ್ಬ ಇಟ್ಟುಕೊಂಡು ಕೂತಿದ್ದೆವು. ಮಂಡ್ಯ ಕಡೆ ಯುಗಾದಿ ಅಂದರೆ ಇಸ್ಪೀಟು ಇರಲೇಬೇಕು. ನಮ್ಮ ಸೋದರಮಾವ ಮೂವತ್ತು ವರ್ಷದಿಂದ ತೀನ್ ಪತ್ತಿ ಆಡಿಕೊಂಡು ಬಂದವರು. ಈ ಸಲ ಪೋಕರ್ ಆಡೋಣ ಅಂತ ಹಟ ಹಿಡಿದವನು ನಾನು. ಒಂದು ಗಂಟೆ ಆಗಿತ್ತೋ ಇಲ್ಲವೋ, ಮಾವ ಎಲೆ ತೋರಿಸಿ “ಸೀಕ್ವೆನ್ಸ್ ಕಣಮ್ಮಾ” ಅಂದು ಬೀಜವನ್ನೆಲ್ಲ ಎರಡೂ ಕೈಯಲ್ಲಿ ಬಾಚಿಕೊಂಡರು. ಅತ್ತಿಗೆ ಮೆಲ್ಲಗೆ ತಮ್ಮ ಎರಡೆಲೆ ಮುಂದೆ ಸರಿಸಿದರು. “ತಡೀರಿ ಮಾವ. ನಂದು ಕಲರ್ರು.”

“ಕಲರ್ರಾದ್ರೆ ಏನಮ್ಮಾ? ಸೀಕ್ವೆನ್ಸ್ ದೊಡ್ಡದಲ್ವಾ?”

ಮಾವ ಹೇಳಿದ್ದು ಸುಳ್ಳಲ್ಲ. ಮೂರೆಲೆಯ ತೀನ್ ಪತ್ತಿಯಲ್ಲಿ ಸೀಕ್ವೆನ್ಸ್, ಅಂದರೆ ಒಂದರ ಹಿಂದೆ ಒಂದು ಅಂಕಿಯ ಸಾಲು, ಮೇಲೆ; ಕಲರ್ ಕೆಳಗೆ. ಪೋಕರ್‌ನಲ್ಲಿ ಉಲ್ಟಾ. ಒಂದೇ ಬಣ್ಣದ ಐದೆಲೆ (ಐದೂ ಇಸ್ಪೀಟು, ಇಲ್ಲ ಐದೂ ಆಟೀನು, ಹೀಗೆ), ಅಂದರೆ ಫ್ಲಶ್, ಐದೆಲೆಯ ಸಾಲಿಗಿಂತ ದೊಡ್ಡದು. ಆ ಸಾಲಿಗೆ ಸ್ಟ್ರೈಟ್ ಅನ್ನುತ್ತಾರೆ. ಇದನ್ನು ಯಾರೋ ಸುಮ್ನೆ ತಿರುಗಿಸಿಟ್ಟದ್ದಲ್ಲ. ಮೂರೆಲೆಯಲ್ಲಿ ಬರಿ ಸೀಕ್ವೆನ್ಸ್ 720 ಬಗೆ, ಬರಿ ಕಲರ್ 1,096 ಬಗೆ. ಹಾಗಾಗಿ ಸೀಕ್ವೆನ್ಸ್ ಅಪರೂಪ. ಐದೆಲೆ ಆದಾಗ ಸ್ಟ್ರೈಟ್ 10,200 ಬಗೆ, ಫ್ಲಶ್ 5,108 ಬಗೆ. ಈಗ ಕಲರ್ ಅಪರೂಪ ಆಯಿತು. ಎಲೆ ಎರಡು ಹೆಚ್ಚಾಯಿತು, ಲೆಕ್ಕ ತಲೆಕೆಳಗಾಯಿತು.

ಇದನ್ನು ಪೆನ್ಸಿಲ್ ಹಿಡಿದು ಬರೆದು ತೋರಿಸಿದ ಮೇಲೂ ಮಾವನ ಮುಖ ಸಡಿಲ ಆಗಲಿಲ್ಲ. ಆಗ ನನಗೆ ಅನ್ನಿಸಿದ್ದು ಇಷ್ಟು. ಪೋಕರ್ ಒಂದು ಆಟ ಅಲ್ಲ, ಒಂದು ಕುಟುಂಬ. ಅದರಲ್ಲಿ ಯಾರನ್ನು ಮೊದಲು ಪರಿಚಯ ಮಾಡಿಕೊಳ್ಳಬೇಕು ಅನ್ನೋದು ನೀವು ಇಲ್ಲಿತನಕ ಯಾವ ಆಟ ಆಡಿದ್ದೀರಿ ಅನ್ನೋದರ ಮೇಲೆ ನಿಂತಿದೆ. ನಾನು ಆ ರಾತ್ರಿ ಮಾವನಿಗೆ ತಪ್ಪು ಆಟದಿಂದ, ಸೀದಾ ಟೆಕ್ಸಾಸ್ ಹೋಲ್ಡೆಮ್‌ನಿಂದ, ಶುರು ಮಾಡಿಸಿದ್ದೆ.

ಎಲ್ಲ ಆಟಕ್ಕೂ ಒಂದೇ ಏಣಿ

ಇಲ್ಲಿ ಹೇಳುವ ಆಟಗಳಲ್ಲಿ ಯಾವುದನ್ನೇ ಆರಿಸಿಕೊಳ್ಳಿ, ಕೈಗಳ ಏಣಿ, ಅಂದರೆ ಯಾವ ಐದೆಲೆ ಯಾವುದಕ್ಕಿಂತ ದೊಡ್ಡದು ಅನ್ನೋದು, ಒಂದೇ. 52 ಎಲೆಯಲ್ಲಿ ಐದೆಲೆಯ ಕೈ ಒಟ್ಟು 25,98,960 ಬಗೆಯಲ್ಲಿ ಬರಬಹುದು. ಎಲ್ಲಕ್ಕಿಂತ ಮೇಲೆ ರಾಯಲ್ ಫ್ಲಶ್: ಒಂದೇ ಬಣ್ಣದ ಎಕ್ಕ, ರಾಜ, ರಾಣಿ, ಗುಲಾಮ, ಹತ್ತು. ಅಂಥದ್ದು ಬರಿ 4. ಅದರ ಕೆಳಗೆ ಸ್ಟ್ರೈಟ್ ಫ್ಲಶ್, 36. ಆಮೇಲೆ ಒಂದೇ ಅಂಕಿಯ ನಾಲ್ಕೆಲೆ, 624. ಮೂರು ಒಂದು ಥರ, ಎರಡು ಇನ್ನೊಂದು ಥರ ಬಂದರೆ ಫುಲ್ ಹೌಸ್, 3,744. ಆಮೇಲೆ ಫ್ಲಶ್, ಸ್ಟ್ರೈಟ್. ಅದರ ಕೆಳಗೆ ಒಂದೇ ಅಂಕಿಯ ಮೂರೆಲೆ, 54,912. ಎರಡು ಜೋಡಿ, 1,23,552. ಒಂದು ಜೋಡಿ, 10,98,240. ಇದ್ಯಾವುದೂ ಇಲ್ಲದ ಬರಿಗೈ 13,02,540.

ಕೊನೆಯ ಅಂಕಿಯನ್ನು ಇನ್ನೊಮ್ಮೆ ನೋಡಿ. ಐದೆಲೆ ಹಂಚಿದರೆ ಅರ್ಧಕ್ಕಿಂತ ಚೂರು ಜಾಸ್ತಿ ಸಲ ನಿಮ್ಮ ಕೈಯಲ್ಲಿ ಏನೂ ಇರೋದಿಲ್ಲ. ಎದುರಿಗೆ ಕೂತವರ ಪಾಡೂ ಅದೇ. ಪೋಕರ್ ನಿಂತಿರೋದೇ ಈ ಬರಿಗೈಗಳ ಮೇಲೆ.

ತೀನ್ ಪತ್ತಿ ಬಲ್ಲವರು ಇನ್ನೊಂದು ಮಾತು ಕೇಳಬಹುದು. ಮಾವ ಕೇಳಿದ್ದೂ ಅದನ್ನೇ: “ಅಪರೂಪದ್ದು ಮೇಲೆ ಅಂತೀಯಲ್ಲ, ಹಂಗಾದ್ರೆ ಟ್ರಯಲ್ ಯಾಕೆ ಪ್ಯೂರ್ ಸೀಕ್ವೆನ್ಸ್‌ಗಿಂತ ದೊಡ್ಡದು?” ಟ್ರಯಲ್, ಅಂದರೆ ಒಂದೇ ಅಂಕಿಯ ಮೂರೆಲೆ, 52 ಬಗೆ. ಪ್ಯೂರ್ ಸೀಕ್ವೆನ್ಸ್, ಅಂದರೆ ಒಂದೇ ಬಣ್ಣದ ಸಾಲು, 48 ಬಗೆ. ಲೆಕ್ಕದ ಪ್ರಕಾರ ಪ್ಯೂರ್ ಸೀಕ್ವೆನ್ಸೇ ಮೇಲಿರಬೇಕಿತ್ತು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಒಂದು ಬೀಜ ಅವರಿಗೇ ಹೋಯಿತು.

ಫೈವ್ ಕಾರ್ಡ್ ಡ್ರಾ: ಒಂದು ಸಂಜೆಗೆ ಸಾಕು

ತೀನ್ ಪತ್ತಿ ಆಡಿದವರಿಗೆ ನಾನು ಈಗ ಮೊದಲು ಹೇಳೋದು ಇದನ್ನೇ. ಪ್ರತಿಯೊಬ್ಬರಿಗೂ ಐದೆಲೆ. ಎಲ್ಲ ಮುಚ್ಚಿದ್ದು. ಒಂದು ಸುತ್ತು ಬೀಜ ಹಾಕಿ, ಬೇಡದ ಎಲೆ ಬಿಸಾಕಿ ಅಷ್ಟೇ ಹೊಸ ಎಲೆ ತಗೊಳ್ಳಿ, ಇನ್ನೊಂದು ಸುತ್ತು ಬೀಜ ಹಾಕಿ, ತೋರಿಸಿ. ಮುಗಿಯಿತು. ಎಲೆ ಕೈಯಲ್ಲೇ ಇರುತ್ತೆ, ತೀನ್ ಪತ್ತಿಯ ಹಾಗೆ. ಅದಕ್ಕೇ ಮಾವನಂಥವರಿಗೆ ಇದು ಹೊಸ ಮನೆ ಅನ್ನಿಸೋದಿಲ್ಲ. ಹೊಸದಾಗಿ ಕಲಿಯಬೇಕಾದ್ದು ಏಣಿ ಒಂದೇ. ಹತ್ತು ಹನ್ನೆರಡು ಕೈ ಆಡಿದರೆ ಕಲರ್ ದೊಡ್ಡದು ಅನ್ನೋದು ತಲೆಗಿಂತ ಮೊದಲು ಬೆರಳಿಗೆ ಅಭ್ಯಾಸ ಆಗುತ್ತೆ.

ಒಂದು ಜೋಡಿ ಇಟ್ಟುಕೊಂಡು ಮೂರೆಲೆ ಬದಲಾಯಿಸಿದರೆ ಕೈ ಸುಧಾರಿಸುವ ಸಾಧ್ಯತೆ ಸುಮಾರು 29 ಪರ್ಸೆಂಟ್. ಮೂರರಲ್ಲಿ ಒಂದು ಸಲಕ್ಕಿಂತ ಕಮ್ಮಿ. ಇದು ಗೊತ್ತಾದ ಮೇಲೆ ಎರಡರ ಜೋಡಿ ಹಿಡಿದು ಕೊನೇತನಕ ಎಳೆಯುವ ಚಟ ತಾನಾಗಿ ಇಳಿಯುತ್ತೆ.

ಇದರ ದೋಷ ಏನು ಅಂದರೆ ಸುಳಿವು ಕಮ್ಮಿ. ಎದುರಿನವರು ಎಷ್ಟು ಎಲೆ ಬದಲಾಯಿಸಿದರು ಅನ್ನೋದು ಬಿಟ್ಟರೆ ಬೇರೇನೂ ಕಾಣೋದಿಲ್ಲ. ಮೂರು ಬದಲಾಯಿಸಿದರೆ ಜೋಡಿ ಇರಬೇಕು. ಒಂದೇ ಬದಲಾಯಿಸಿದರೆ ಎರಡು ಜೋಡಿ, ಇಲ್ಲ ಯಾವುದೋ ಫ್ಲಶ್ಶೋ ಸ್ಟ್ರೈಟೋ ಕಾಯುತ್ತಿದ್ದಾರೆ. ಅಷ್ಟೇ. ಯೋಚನೆ ಮಾಡೋಕೆ ಸಾಮಾನು ಬೇಗ ಮುಗಿದುಹೋಗುತ್ತೆ. ಮಾರನೇ ದಿನ ಮುಂದಕ್ಕೆ ಹೋಗಿ.

ಟೆಕ್ಸಾಸ್ ಹೋಲ್ಡೆಮ್: ಬಹಳ ಜನಕ್ಕೆ ಇದೇ ಸರಿ

ಇಸ್ಪೀಟನ್ನೇ ಮುಟ್ಟದವರು, ಮಕ್ಕಳಾಟದ ಕತ್ತೆ ಬಿಟ್ಟು ಬೇರೇನೂ ಆಡದವರು ಸೀದಾ ಇಲ್ಲಿಗೇ ಬನ್ನಿ. ಮರೆಯಬೇಕಾದ್ದು ನಿಮಗೆ ಏನೂ ಇಲ್ಲವಲ್ಲ. ಆಟದ ಹೆಸರಿನಲ್ಲೇ ಊರಿದೆ. ಟೆಕ್ಸಾಸ್ ರಾಜ್ಯದ ಶಾಸನಸಭೆ 2007ರಲ್ಲಿ ರಾಬ್ಸ್‌ಟೌನ್ ಅನ್ನೋ ಸಣ್ಣ ಊರನ್ನು ಇದರ ಹುಟ್ಟೂರು ಅಂತ ಒಪ್ಪಿಕೊಂಡಿದೆ.

ಆಟ ಹೀಗೆ. ಒಬ್ಬೊಬ್ಬರಿಗೆ ಎರಡೆಲೆ, ಮುಚ್ಚಿದ್ದು. ಒಂದು ಸುತ್ತು ಬೀಜ. ಆಮೇಲೆ ನಡುವೆ ಮೂರೆಲೆ ತೆರೆದಿಡುತ್ತಾರೆ, ಅದು ಫ್ಲಾಪ್. ಮತ್ತೆ ಬೀಜ. ನಾಲ್ಕನೇ ಎಲೆ ಟರ್ನ್. ಮತ್ತೆ ಬೀಜ. ಐದನೇ ಎಲೆ ರಿವರ್. ಕೊನೆಯ ಸುತ್ತು. ನಡುವಿನ ಐದು ಎಲ್ಲರಿಗೂ ಸೇರಿದ್ದು. ನಿಮ್ಮ ಎರಡು, ಅಲ್ಲಿನ ಐದು, ಒಟ್ಟು ಏಳರಲ್ಲಿ ಒಳ್ಳೇ ಐದು ನಿಮ್ಮ ಕೈ.

ಕಲಿಯುವವರಿಗೆ ಇದು ಯಾಕೆ ಒಳ್ಳೇದು? ಅರ್ಧಕ್ಕಿಂತ ಜಾಸ್ತಿ ಎಲೆ ಕಣ್ಣೆದುರೇ ಇರುತ್ತೆ. ಮೊದಲ ದಿನ ಎಲ್ಲರೂ ಎಲೆ ತೆರೆದಿಟ್ಟುಕೊಂಡೇ ಆಡಬಹುದು. “ನೋಡು, ಅವರಿಗೆ ಒಂಬತ್ತು ಬಂದರೆ ಮಾತ್ರ ಸ್ಟ್ರೈಟ್, ನಿನಗೆ ಜೋಡಿ ಆಗಲೇ ಇದೆ” ಅಂತ ಬೆರಳಿಟ್ಟು ತೋರಿಸಬಹುದು. ಡ್ರಾ ಆಟದಲ್ಲಿ ಹಾಗೆ ಬೆರಳಿಡೋಕೆ ಜಾಗವೇ ಇಲ್ಲ.

ತೀನ್ ಪತ್ತಿಯವರು ಇಲ್ಲಿ ಎಡವೋದು ಮಾತಿನಲ್ಲಿ. ಬ್ಲೈಂಡ್ ಅಂದರೆ ಅವರಿಗೆ ಎಲೆ ನೋಡದೆ ಆಡೋದು. ನೋಡಿದವರು ಎರಡರಷ್ಟು ಹಾಕಬೇಕು. ಹೋಲ್ಡೆಮ್‌ನಲ್ಲಿ ಬ್ಲೈಂಡ್ ಅಂದರೆ ಹಂಚುವವರ ಎಡಕ್ಕೆ ಕೂತ ಇಬ್ಬರು ಎಲೆ ಬರೋಕೆ ಮುಂಚೆ ಕಡ್ಡಾಯವಾಗಿ ಹಾಕುವ ಬೀಜ. ಮೊದಲನೆಯವರು ಒಂದು, ಎರಡನೆಯವರು ಎರಡು. ಎಲೆ ಎಲ್ಲರೂ ನೋಡೇ ನೋಡುತ್ತಾರೆ, ಯಾರಿಗೂ ರಿಯಾಯಿತಿ ಇಲ್ಲ. ಪ್ಯಾಕ್, ಅಂದರೆ ಎಲೆ ಬಿಸಾಕಿ ಆ ಕೈ ಬಿಡೋದು, ಅದಕ್ಕೆ ಇಲ್ಲಿ ಫೋಲ್ಡ್. ಚಾಲ್ ಅನ್ನೋದಕ್ಕೆ ಹತ್ತಿರದ್ದು ಕಾಲ್, ಅಂದರೆ ಎದುರಿನವರು ಹಾಕಿದಷ್ಟೇ ಹಾಕೋದು. ಸೈಡ್ ಶೋ ಅನ್ನೋದು ಇಲ್ಲವೇ ಇಲ್ಲ. ಮಾವನಿಗೆ ಅದೇ ದೊಡ್ಡ ಬೇಜಾರು. ಪಕ್ಕದವರ ಎಲೆ ನೋಡೋ ಹಕ್ಕು ಹೋಯಿತಲ್ಲ ಅಂತ.

ಇನ್ನೊಂದು ವಿಷಯ ಕೂರುವ ಜಾಗ. ಹಂಚುವವರ ಮುಂದೆ ಒಂದು ಬಟನ್ ಇಡುತ್ತಾರೆ. ನಾವು ಸೋಡಾ ಬಾಟಲಿ ಮುಚ್ಚಳ ಇಡುತ್ತೇವೆ. ಪ್ರತಿ ಕೈಗೂ ಅದು ಎಡಕ್ಕೆ ಸರಿಯುತ್ತೆ. ಫ್ಲಾಪ್ ಆದ ಮೇಲೆ ಮುಚ್ಚಳ ಇರುವವರು ಎಲ್ಲರಿಗಿಂತ ಕೊನೆಗೆ ಮಾತಾಡುತ್ತಾರೆ. ಉಳಿದವರು ಏನು ಮಾಡಿದರು ಅಂತ ನೋಡಿಕೊಂಡು ತೀರ್ಮಾನ ಮಾಡುವ ಭಾಗ್ಯ ಅವರದ್ದು. ಅದೇ ಎರಡೆಲೆ ಮೊದಲು ಮಾತಾಡುವ ಜಾಗದಲ್ಲಿ ಬಿಸಾಕಬೇಕಾದ್ದು, ಮುಚ್ಚಳದ ಜಾಗದಲ್ಲಿ ಆಡಬಹುದಾದ್ದು. ಹೊಸಬರು ಇದನ್ನು ತಿಂಗಳುಗಟ್ಟಲೆ ಗಮನಿಸೋದಿಲ್ಲ.

ಎರಡೆಲೆಯ ಆಸೆಯೂ ಹಾಗೆ. ಎರಡೂ ಆಟೀನು ಬಂತು ಅಂತ ಖುಷಿಪಟ್ಟು ಬೀಜ ಹಾಕುವವರನ್ನು ಎಷ್ಟೋ ನೋಡಿದ್ದೇನೆ. ಫ್ಲಾಪ್‌ನಲ್ಲೇ ಫ್ಲಶ್ ಆಗೋದು ಸುಮಾರು 120 ಸಲಕ್ಕೆ ಒಂದು. ಕೈಗೆ ಎಕ್ಕದ ಜೋಡಿ ಬರೋದು 221ಕ್ಕೆ ಒಂದು ಸಲ. ಸಂಜೆಯೆಲ್ಲ ಕೂತರೂ ಒಮ್ಮೆಯೂ ಬರದೇ ಇರಬಹುದು. ಬೇಸರ ತಡೆಯೋಕೆ ಬಾರದವರಿಗೆ ಹೋಲ್ಡೆಮ್ ಕಷ್ಟ.

ಸೆವೆನ್ ಕಾರ್ಡ್ ಸ್ಟಡ್: ರಮ್ಮಿ, ಇಪ್ಪತ್ತೆಂಟು ಆಡಿದ ತಲೆಗೆ

ಹೋಲ್ಡೆಮ್ ಎಲ್ಲೆಡೆ ಹರಡುವ ಮುಂಚೆ ಅಮೆರಿಕದ ಪೂರ್ವ ಭಾಗದಲ್ಲಿ ಇದರದ್ದೇ ದರ್ಬಾರು. ನಡುವೆ ಸಾಮಾನ್ಯ ಎಲೆ ಇಲ್ಲ. ಒಬ್ಬೊಬ್ಬರಿಗೂ ಏಳೆಲೆ. ಮೊದಲೆರಡು ಮುಚ್ಚಿದ್ದು, ಆಮೇಲೆ ನಾಲ್ಕು ತೆರೆದದ್ದು, ಕೊನೆಯದು ಮುಚ್ಚಿದ್ದು. ಬೀಜ ಹಾಕುವ ಸುತ್ತು ಐದು. ಮೊದಲ ಸುತ್ತಿನಲ್ಲಿ ಯಾರ ತೆರೆದ ಎಲೆ ಸಣ್ಣದೋ ಅವರು ಶುರು ಮಾಡಬೇಕು.

ಇಲ್ಲಿ ಬೇಕಾದ್ದು ನೆನಪು. ಯಾರೋ ಎರಡನೇ ಸುತ್ತಿನಲ್ಲಿ ಫೋಲ್ಡ್ ಮಾಡಿ ಮಗುಚಿಟ್ಟ ಎಲೆಯಲ್ಲಿ ಇಸ್ಪೀಟಿನ ರಾಣಿ ಇತ್ತು ಅಂತ ಐದನೇ ಸುತ್ತಿನಲ್ಲಿ ನೆನಪಿರಬೇಕು. ಇಪ್ಪತ್ತೆಂಟು ಅನ್ನೋ ತುರುಪಿನ ಆಟ ಆಡುವವರಿಗೆ ಬಿದ್ದ ತುರುಪು ಎಣಿಸೋದು ಉಸಿರಾಡಿದಷ್ಟೇ ಸಲೀಸು. ರಮ್ಮಿಯವರೂ ಅಷ್ಟೇ, ಕೆಳಗೆ ಬಿದ್ದ ಎಲೆ ಮರೆಯೋದಿಲ್ಲ. ಅಂಥವರು ಇದರಿಂದ ಶುರು ಮಾಡಿದರೆ ತಮ್ಮ ಹಳೇ ಬಂಡವಾಳ ಇಲ್ಲೂ ನಡೆಯುತ್ತೆ. ಬೆಂಗಳೂರು–ಮೈಸೂರು ರೈಲಿನಲ್ಲಿ ಸೂಟ್‌ಕೇಸ್ ಮೇಲೆ ಟವೆಲ್ ಹಾಸಿ ಆಡುವ ಪಾಸ್‌ನವರನ್ನು ನೋಡಿದಾಗೆಲ್ಲ ಇವರಿಗೆ ಸ್ಟಡ್ ಕಲಿಸಬೇಕು ಅನ್ನಿಸುತ್ತೆ. ಆದರೆ ರಾಮನಗರದೊಳಗೆ ನಿಯಮ ಹೇಳಿ ಮುಗಿಸೋದು ಕಷ್ಟ.

ಜನ ಜಾಸ್ತಿ ಇದ್ದರೆ ಇದು ಕಷ್ಟ. ಎಂಟು ಜನಕ್ಕೆ ಏಳೆಲೆ ಅಂದರೆ 56, ಕಟ್ಟಿನಲ್ಲಿ ಇರೋದು 52. ಆರು ಜನರೊಳಗೆ ಚೆಂದ. ಇನ್ನೊಂದು ಕಷ್ಟ, ಜೊತೆಗಾರರು ಸಿಗೋದಿಲ್ಲ. ಕಲಿತರೂ ಆಡೋಕೆ ಮನೆಯವರೇ ಗತಿ.

ಒಮಾಹಾ: ಈಗ ಬೇಡ

ನೋಡೋಕೆ ಹೋಲ್ಡೆಮ್ ಥರವೇ. ಕೈಗೆ ಎರಡರ ಬದಲು ನಾಲ್ಕೆಲೆ. ಎಲೆ ಜಾಸ್ತಿ, ಮಜಾ ಜಾಸ್ತಿ ಅಂತ ಬಹಳ ಜನ ಇದಕ್ಕೆ ಹಾರುತ್ತಾರೆ. ನಾನೂ ಹಾರಿದ್ದೆ. ಬೆಂಗಳೂರಿನ ಪಿಜಿ ರೂಮಿನಲ್ಲಿ, ಹೋಲ್ಡೆಮ್ ಕಲಿತು ಮೂರೇ ವಾರ ಆಗಿದ್ದಾಗ. ನಡುವೆ ನಾಲ್ಕು ಇಸ್ಪೀಟು ಬಿದ್ದಿತ್ತು. ನನ್ನ ಕೈಯಲ್ಲಿ ಇಸ್ಪೀಟಿನ ಎಕ್ಕ. ಇದಕ್ಕಿಂತ ದೊಡ್ಡ ಫ್ಲಶ್ ಯಾರಿಗೆ ಬರಬೇಕು ಅಂತ ಜೇಬಿನಲ್ಲಿದ್ದ 1,800 ರೂಪಾಯಿಯನ್ನೂ ತಳ್ಳಿದೆ. ಎದುರಿನ ಹುಡುಗ ನಕ್ಕು ಇಸ್ಪೀಟಿನ ಆರು, ಏಳು ತೋರಿಸಿ ದುಡ್ಡು ಎತ್ತಿಕೊಂಡ.

ಒಮಾಹಾದಲ್ಲಿ ಕೈಯಿಂದ ಸರಿಯಾಗಿ ಎರಡೆಲೆ, ನಡುವಿನಿಂದ ಸರಿಯಾಗಿ ಮೂರೆಲೆ ತಗೋಬೇಕು. ಜಾಸ್ತಿಯೂ ಇಲ್ಲ, ಕಮ್ಮಿಯೂ ಇಲ್ಲ. ಕೈಯಲ್ಲಿ ಒಂದೇ ಇಸ್ಪೀಟು ಇದ್ದರೆ ನಡುವೆ ನಾಲ್ಕಲ್ಲ, ಐದೇ ಬಿದ್ದರೂ ಫ್ಲಶ್ ಇಲ್ಲ. ಅದೇ ನಿಯಮದ ಇನ್ನೊಂದು ತಮಾಷೆ ನೋಡಿ. ನಾಲ್ಕೂ ಎಕ್ಕ ಕೈಗೆ ಬಂತು ಅಂದುಕೊಳ್ಳಿ. ಬೇರೆ ಆಟದಲ್ಲಿ ಕುಣಿಯಬಹುದು. ಇಲ್ಲಿ ಎರಡನ್ನಷ್ಟೇ ಬಳಸಬಹುದು. ಉಳಿದೆರಡು ಎಕ್ಕ ನಿಮ್ಮ ಕೈಯಲ್ಲೇ ಸತ್ತು ಬಿದ್ದಿರುತ್ತವೆ, ನಡುವೆ ಇನ್ನೊಂದು ಎಕ್ಕ ಬರುವ ದಾರಿಯೇ ಇಲ್ಲ.

ನಾಲ್ಕೆಲೆಯಲ್ಲಿ ಎರಡೆರಡರ ಜೊತೆ ಆರು ಬಗೆ. ಅಂದರೆ ಒಬ್ಬೊಬ್ಬರೂ ಒಂದೇ ಸಲಕ್ಕೆ ಆರು ಹೋಲ್ಡೆಮ್ ಕೈ ಹಿಡಿದು ಕೂತ ಹಾಗೆ. ಹೋಲ್ಡೆಮ್‌ನಲ್ಲಿ ಎರಡು ಜೋಡಿ ಒಳ್ಳೇ ಕೈ. ಇಲ್ಲಿ ಅದನ್ನು ನಂಬಿ ಕೂತರೆ ಮುಗಿಯಿತು. ಆರು ತಿಂಗಳು ಹೋಲ್ಡೆಮ್ ಆಡಿ, ಅದು ಸಪ್ಪೆ ಅನ್ನಿಸಿದ ಮೇಲೆ ಬನ್ನಿ.

ಎಷ್ಟು ಬೀಜ ಹಾಕಬಹುದು ಅನ್ನೋದೇ ಬೇರೆ ಆಟ

ಯಾವ ಆಟ ಅನ್ನೋದರಷ್ಟೇ ಮುಖ್ಯ, ಒಂದು ಸಲಕ್ಕೆ ಎಷ್ಟು ಹಾಕಬಹುದು ಅನ್ನೋದು. ಲಿಮಿಟ್ ಆಟದಲ್ಲಿ ಮೊದಲೆರಡು ಸುತ್ತಿಗೆ ಎರಡೆರಡು ಬೀಜ, ಕೊನೆಯೆರಡು ಸುತ್ತಿಗೆ ನಾಲ್ಕು ನಾಲ್ಕು, ಹೀಗೆ ಗೊತ್ತುಪಡಿಸಿರುತ್ತೆ. ಪಾಟ್ ಲಿಮಿಟ್‌ನಲ್ಲಿ ನಡುವೆ ಬಿದ್ದಿರುವ ರಾಶಿ ನೋಡಿ ಮಿತಿ. ನೋ ಲಿಮಿಟ್‌ನಲ್ಲಿ ಮುಂದಿರುವ ಬೀಜವೆಲ್ಲ ಒಂದೇ ಏಟಿಗೆ ತಳ್ಳಬಹುದು. ಅದೇ ಆಲ್ ಇನ್.

ವ್ಯತ್ಯಾಸ ತೋರಿಸೋಕೆ ಆ ಜಗಳದ ಕೈಯನ್ನೇ ಮತ್ತೆ ಬಿಚ್ಚುತ್ತೇನೆ. ಅತ್ತಿಗೆ ಕೈಯಲ್ಲಿ ಆಟೀನು ಎಕ್ಕ, ಆಟೀನು ಐದು. ಮಾವನ ಕೈಯಲ್ಲಿ ಡೈಮನ್ ಒಂಬತ್ತು, ಇಸ್ಪೀಟು ಹತ್ತು. ಫ್ಲಾಪ್‌ನಲ್ಲಿ ಬಿದ್ದದ್ದು ಆಟೀನು ಏಳು, ಕಳಾವರ್ ಎಂಟು, ಆಟೀನು ಎರಡು. ನಡುವೆ 12 ಬೀಜ. ಅತ್ತಿಗೆಗೆ ನಾಲ್ಕು ಆಟೀನು ಆಯಿತು, ಇನ್ನೊಂದು ಬೇಕು. ಮಾವನಿಗೆ ಏಳು, ಎಂಟು, ಒಂಬತ್ತು, ಹತ್ತು. ಆರೋ ಗುಲಾಮನೋ ಬಂದರೆ ಸಾಲು ಪೂರ್ತಿ. ಮಾವ 6 ಹಾಕಿದರು, ಅತ್ತಿಗೆ 6 ಹಾಕಿ ನಿಂತರು. ಈಗ ನಡುವೆ 24.

ಟರ್ನ್‌ನಲ್ಲಿ ಕಳಾವರ್ ಗುಲಾಮ. ಮಾವನಿಗೆ ಸ್ಟ್ರೈಟ್ ಬಂತು. ಅವರು ಮೀಸೆ ಮುಟ್ಟಿಕೊಂಡು 20 ಬೀಜ ಎಣಿಸಿ ಹಾಕಿದರು. ಮೂವತ್ತು ವರ್ಷ ತೀನ್ ಪತ್ತಿ ಆಡಿದರೂ ಮೀಸೆ ಮುಟ್ಟೋ ಅಭ್ಯಾಸ ಹೋಗಿಲ್ಲ.

ಈಗ ಅತ್ತಿಗೆ ಲೆಕ್ಕ ಏನು? ಬೇಕಾದ್ದು ಆಟೀನು. ಕಟ್ಟಿನಲ್ಲಿ 13, ಕಂಡದ್ದು 4, ಉಳಿದದ್ದು 9. ಅವರು ನೋಡದ ಎಲೆ 46. ಹಾಗಾಗಿ 46ರಲ್ಲಿ 9, ಸುಮಾರು 20 ಪರ್ಸೆಂಟ್. ಹಾಕಬೇಕಾದ್ದು 20 ಬೀಜ, ಹಾಕಿದ ಮೇಲೆ ನಡುವೆ ಆಗೋದು 64. 64ರಲ್ಲಿ 20, ಅಂದರೆ 31 ಪರ್ಸೆಂಟ್ ಆದರೂ ಗೆಲ್ಲುವ ಸಾಧ್ಯತೆ ಇದ್ದರೆ ಮಾತ್ರ ಹಾಕಬಹುದು. ಇರೋದು 20. ಬಿಸಾಕಬೇಕಿತ್ತು. ಅವರು ಹಾಕಿದರು. ರಿವರ್‌ನಲ್ಲಿ ಆಟೀನು ಮೂರು ಬಿತ್ತು.

ಅತ್ತಿಗೆ ಗೆದ್ದರು, ಆದರೆ ತಪ್ಪು ಮಾಡಿ ಗೆದ್ದರು. ಮಾವ ಸೋತರು, ಆದರೆ ಸರಿಯಾಗಿ ಆಡಿ ಸೋತರು. ಹೊಸಬರಿಗೆ ಇದನ್ನು ನುಂಗೋದು ಬಹಳ ಕಷ್ಟ. ಬೀಜ ತಮ್ಮ ಕಡೆ ಬಂತು ಅಂದರೆ ಆಟ ಸರಿ ಅಂದುಕೊಂಡುಬಿಡುತ್ತಾರೆ.

ಅದೇ ಕೈಯನ್ನು ಲಿಮಿಟ್‌ನಲ್ಲಿ ಆಡಿದರೆ? ಫ್ಲಾಪ್‌ನಲ್ಲಿ ಮಾವ ಹಾಕಬಹುದಾದ್ದು 2, ಅತ್ತಿಗೆ 2, ನಡುವೆ 16. ಟರ್ನ್‌ನಲ್ಲಿ ಮಾವ 4 ಹಾಕಿದರು. ಅತ್ತಿಗೆ 4 ಹಾಕಿದರೆ ಒಟ್ಟು 24. ಬೇಕಾದ್ದು 17 ಪರ್ಸೆಂಟ್, ಇರೋದು 20. ಈಗ ಹಾಕೋದೇ ಸರಿ! ಎಲೆ ಅದೇ, ಜನ ಅದೇ, ನಿಯಮ ಒಂದು ಬದಲಾಯಿತು, ತಪ್ಪು ಸರಿಯಾಯಿತು.

ಅದಕ್ಕೇ ನಾನು ಮೊದಲ ಎರಡು ಮೂರು ತಿಂಗಳು ಲಿಮಿಟ್ ಅನ್ನುತ್ತೇನೆ. ತಪ್ಪಿನ ಬೆಲೆ ಸಣ್ಣದು. ಒಂದು ಕೈಯಲ್ಲಿ ಎಲ್ಲ ಹೋಗಿ ಮೂಲೆಯಲ್ಲಿ ಕೂರುವ ಪಾಡು ಬರೋದಿಲ್ಲ. ಹೆಚ್ಚು ಕೈಗಳು ರಿವರ್‌ತನಕ ಹೋಗುವುದರಿಂದ ಕೈಗಳನ್ನು ಓದುವ ಅಭ್ಯಾಸವೂ ಆಗುತ್ತೆ. ಆದರೆ ಒಪ್ಪಿಕೊಳ್ಳಬೇಕು, ಲಿಮಿಟ್‌ನಲ್ಲಿ ಬ್ಲಫ್ ಮಾಡೋದು, ಅಂದರೆ ಬರಿಗೈಯಲ್ಲೇ ಬೀಜ ಹಾಕಿ ಎದುರಿನವರನ್ನು ಹೆದರಿಸೋದು, ಕಷ್ಟ. ನಾಲ್ಕು ಬೀಜಕ್ಕೆ ಯಾರು ಹೆದರುತ್ತಾರೆ?

ಜನ ನೋ ಲಿಮಿಟ್‌ಗೇ ಯಾಕೆ ಹಾರುತ್ತಾರೆ ಅನ್ನೋದಕ್ಕೂ ಕಾರಣ ಇದೆ. ಲಾಸ್ ವೇಗಸ್‌ನಲ್ಲಿ 1970ರಿಂದ ನಡೆಯುತ್ತಿರುವ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಪಂದ್ಯ ನೋ ಲಿಮಿಟ್ ಹೋಲ್ಡೆಮ್. 2003ರಲ್ಲಿ ಅದನ್ನು ಗೆದ್ದದ್ದು ಕ್ರಿಸ್ ಮನಿಮೇಕರ್ ಅನ್ನೋ ಟೆನೆಸ್ಸಿಯ ಲೆಕ್ಕಪತ್ರದ ನೌಕರ. ಆನ್‌ಲೈನ್‌ನಲ್ಲಿ ಸಣ್ಣ ಪಂದ್ಯ ಗೆದ್ದು ಒಳಗೆ ಬಂದವನು 25 ಲಕ್ಷ ಡಾಲರ್ ತಗೊಂಡು ಹೋದ. ಹೆಸರೂ ಮನಿಮೇಕರ್! ಆ ವರ್ಷ ಆಡಿದವರು 839 ಜನ, ಮರುವರ್ಷ 2,576. ಟಿವಿಯಲ್ಲಿ ತೋರಿಸಿದ್ದು ಆಲ್ ಇನ್ ಆದ ಕೈಗಳನ್ನೇ. ನಡುವೆ ಗಂಟೆಗಟ್ಟಲೆ ಸುಮ್ಮನೆ ಫೋಲ್ಡ್ ಮಾಡಿಕೊಂಡು ಕೂತದ್ದನ್ನು ಯಾರು ತೋರಿಸುತ್ತಾರೆ?

ಟೂರ್ನಮೆಂಟ್ ಆಡೋದಾ, ಸುಮ್ನೆ ಆಡೋದಾ ಅನ್ನೋ ಪ್ರಶ್ನೆಗೆ ಚಿಕ್ಕ ಉತ್ತರ. ಕಲಿಯುವಾಗ ಸುಮ್ನೆ ಆಡಿ. ಟೂರ್ನಮೆಂಟ್‌ನಲ್ಲಿ ಬ್ಲೈಂಡ್ ಏರುತ್ತಾ ಹೋಗುತ್ತೆ, ಬೀಜ ಮುಗಿದವರು ಎದ್ದು ಹೋಗಬೇಕು. ಕಲಿಯಬೇಕಾದವರೇ ಮೊದಲು ಎದ್ದು ಅಡಿಗೆಮನೆಗೆ ಹೋಗಿ ಬೋಂಡಾ ಕರಿಯೋದಾದರೆ ಏನು ಬಂತು?

ಜಗಲಿಯೋ ಮೊಬೈಲೋ

ಬಿಟ್ಟಿ ಆಪ್‌ಗಳು ಬೇಕಾದಷ್ಟಿವೆ. ಅವುಗಳ ಒಳ್ಳೇದು ವೇಗ. ಮನೆಯಲ್ಲಿ ಕಲಸಿ, ಹಂಚಿ, ಮಾತಾಡಿ, ಗಂಟೆಗೆ ಇಪ್ಪತ್ತು ಇಪ್ಪತ್ತೈದು ಕೈ ಆದರೆ ಹೆಚ್ಚು. ಮೊಬೈಲಿನಲ್ಲಿ ಅದರ ಎರಡು ಮೂರು ಪಟ್ಟು ಸಲೀಸು. ಏಣಿ ಬಾಯಿಪಾಠ ಆಗೋಕೆ ಒಳ್ಳೇದು.

ಆದರೆ ಅದೇ ದೋಷ ಕೂಡ. ನಿಮ್ಮ ಕೈ ಏನು ಅಂತ ಆಪೇ ಬರೆದು ತೋರಿಸುತ್ತೆ, ರಾಶಿ ಎಷ್ಟು ಅಂತ ಅದೇ ಎಣಿಸುತ್ತೆ, ಯಾರ ಸರದಿ ಅಂತ ಅದೇ ಮಿನುಗಿಸುತ್ತೆ. ನನ್ನ ಚಿಕ್ಕಪ್ಪನ ಮಗ ಎರಡು ತಿಂಗಳು ಆಪ್‌ನಲ್ಲಿ ಆಡಿ ಜಗಲಿಗೆ ಬಂದ. ನಡುವೆ ಏನಾಗಿದೆ ಅಂತ ಓದೋಕೇ ಬರಲಿಲ್ಲ. ಕೈಯಲ್ಲಿ ಸ್ಟ್ರೈಟ್ ಇಟ್ಟುಕೊಂಡು ಫೋಲ್ಡ್ ಮಾಡಿದ. ಜೊತೆಗೆ ಬಿಟ್ಟಿ ಚಿಪ್ಸ್ ಅಂದರೆ ಯಾರಿಗೂ ಭಯವಿಲ್ಲ. ಮೊದಲ ಕೈಯಿಂದಲೇ ಎಲ್ಲರೂ ಆಲ್ ಇನ್. ಅಂಥಲ್ಲಿ ಬ್ಲಫ್ ಕಲಿಯೋದು ಹೇಗೆ? ಹುಣಸೆ ಬೀಜಕ್ಕೂ ಬೆಲೆ ಇಲ್ಲ ನಿಜ. ಆದರೆ ಅತ್ತಿಗೆ ಮುಂದೆ ಡಬ್ಬ ಖಾಲಿ ಮಾಡಿಕೊಂಡರೆ ಮುಂದಿನ ಹಬ್ಬದ ತನಕ ಮಾತು ಕೇಳಬೇಕು. ಆ ಭಯ ಸಾಕು.

ಲೆಕ್ಕಕ್ಕೆ ಒಂದು ಸುಲಭದ ಉಪಾಯ ಇದೆ, ಅದನ್ನು ಜಗಲಿಯಲ್ಲೇ ಕಲಿಯಿರಿ. ಫ್ಲಾಪ್ ಆದ ಮೇಲೆ ನಿಮಗೆ ಬೇಕಾದ ಎಲೆ ಎಷ್ಟು ಉಳಿದಿವೆ ಅಂತ ಎಣಿಸಿ. ಮುಂದಿನ ಒಂದೇ ಎಲೆಗಾದರೆ ಎರಡರಿಂದ ಗುಣಿಸಿ, ಎರಡೂ ಎಲೆ ನೋಡೋದಾದರೆ ನಾಲ್ಕರಿಂದ. ಒಂಬತ್ತು ಆಟೀನು ಉಳಿದಿದ್ದರೆ 18 ಇಲ್ಲ 36 ಪರ್ಸೆಂಟ್. ನಿಜವಾದ ಲೆಕ್ಕ 19 ಮತ್ತು 35. ಜಗಲಿಗೆ ಇಷ್ಟು ಸಾಕು.

ದುಡ್ಡು ಹಾಕಿ ಆಡುವ ಆನ್‌ಲೈನ್ ಪೋಕರ್ ಅಂತ ಒಂದು ದಾರಿ ಇತ್ತು. ಅದನ್ನು ಹೋಲಿಕೆಗೇ ತಗೊಳ್ಳೋದಿಲ್ಲ. ಕರ್ನಾಟಕ ಹೈಕೋರ್ಟ್ 2013ರಲ್ಲಿ ಪೋಕರನ್ನು ಕೌಶಲದ ಆಟದ ಸಾಲಿಗೆ ಸೇರಿಸಿ ನೋಡಿತ್ತು. ಗುಜರಾತ್ ಹೈಕೋರ್ಟ್ 2017ರಲ್ಲಿ ಇದು ಜೂಜೇ ಅಂದಿತು. ಆ ವಾದ ಏನೇ ಇರಲಿ, 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು, ಕೌಶಲದ್ದಾದರೂ ಅಷ್ಟೇ, ಅದೃಷ್ಟದ್ದಾದರೂ ಅಷ್ಟೇ. ದುಡ್ಡಿನ ಆಟಕ್ಕೆ ಕರೆಯುವ ಲಿಂಕ್ ಯಾರಾದರೂ ಕಳಿಸಿದರೆ ತೆರೆಯಬೇಡಿ. ಪಣಜಿಯ ಮಾಂಡೋವಿ ನದಿಯಲ್ಲಿ ನಿಂತ ಕ್ಯಾಸಿನೋ ಹಡಗುಗಳು ಕಲಿಯುವ ಜಾಗ ಅಲ್ಲ. ಅಲ್ಲಿ ಟೇಬಲ್‌ಗೆ ಕೂರುವವರು ನಿಮ್ಮಂಥವರಿಗೇ ಕಾಯುತ್ತಿರುತ್ತಾರೆ.

ಮೊದಲ ರಾತ್ರಿಗೆ ಸಿದ್ಧತೆ

ನಾಲ್ಕರಿಂದ ಆರು ಜನ ಇರಲಿ. ಒಂದು ಕಟ್ಟು ಇಸ್ಪೀಟು, ಜೋಕರ್ ತೆಗೆದಿಡಿ. ಒಬ್ಬೊಬ್ಬರಿಗೆ 60 ಬೀಜ. ಹುಣಸೆ ಬೀಜ ಸಾಲದಿದ್ದರೆ ಅದು ಒಂದು, ಕಡಲೆಕಾಳು ಐದು ಅಂತ ಮಾಡಿಕೊಳ್ಳಿ. ಕಡಲೆಕಾಳನ್ನು ಯಾರಾದರೂ ತಿನ್ನುತ್ತಾರೆ, ಲೆಕ್ಕ ತಪ್ಪುತ್ತೆ, ಅದಕ್ಕೂ ಸಿದ್ಧವಾಗಿರಿ. ಏಣಿಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಚಾಪೆ ಪಕ್ಕ ಇಡಿ. ತೀನ್ ಪತ್ತಿಯವರಿದ್ದರೆ ಫ್ಲಶ್ ಅನ್ನೋದರ ಕೆಳಗೆ ಎರಡು ಗೆರೆ ಎಳೆಯಿರಿ. ಮೊದಲ ಅರ್ಧ ಗಂಟೆ ಡ್ರಾ. ಆಮೇಲೆ ಹೋಲ್ಡೆಮ್, ಬ್ಲೈಂಡ್ ಒಂದು ಮತ್ತು ಎರಡು, ಲಿಮಿಟ್ ಎರಡು ಮತ್ತು ನಾಲ್ಕು. ಮೊದಲ ಐದು ಕೈ ಎಲ್ಲ ತೆರೆದಿಟ್ಟು, ಜೋರಾಗಿ ಮಾತಾಡಿಕೊಂಡು.

ಮಾವನನ್ನು ಈ ದಸರಾದಲ್ಲಿ ಹೀಗೇ ಕೂರಿಸಿದೆ. ಡ್ರಾ ಆಟದಲ್ಲಿ ಮೂರನೇ ಕೈಗೇ ಅವರಿಗೆ ಐದೂ ಕಳಾವರ್ ಬಂತು. ನನ್ನ ಸ್ಟ್ರೈಟ್ ನೋಡಿ, ಚೀಟಿ ಕಡೆ ಒಮ್ಮೆ ಕಣ್ಣು ಹಾಯಿಸಿ, “ಈ ಆಟ ಪರವಾಗಿಲ್ಲ ಕಣೋ” ಅಂದು ಬೀಜ ಎಳೆದುಕೊಂಡರು.